ಮಳೆಗಾಲದ ಬಲೆಯಲ್ಲಿ ಬರುವ ಕಸ: ನಾವು ಮಾಡಿಕೊಂಡ ದಾರಿ

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದೊಡ್ಡ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆಗ ಮೀನು ಹಿಡಿಯುವವರು ನಮ್ಮಂಥ ನಾಡದೋಣಿಯವರು ಮಾತ್ರ. ಹೊಳೆಗಳು ಊರ ಕಸವನ್ನೆಲ್ಲ ತಂದು ಕಡಲಿಗೆ ಸುರಿಯುವುದೂ ಅದೇ ಹೊತ್ತಿಗೆ. ಉಡುಪಿ ಜಿಲ್ಲೆಯ ನಮ್ಮ ಗಂಗೊಳ್ಳಿ ಅಳಿವೆಗೆ ಬಂದು ಸೇರುವ ಹೊಳೆಗಳು ಐದು: ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ. ಘಟ್ಟದ ಬುಡದಲ್ಲಿ ಯಾರೋ ಬಿಸಾಡಿದ ಶಾಂಪೂ ಪ್ಯಾಕೆಟ್ಟು ನಮ್ಮ ಬಲೆಗೆ ಬಂದು ಕೂರುತ್ತದೆ. ಆಗಸ್ಟಿನಲ್ಲಿ ಬೋಟುಗಳು ಹೊರಡುವಷ್ಟರಲ್ಲಿ ಮೊದಲ ಪೆಟ್ಟು ನಾವು ತಿಂದಾಗಿರುತ್ತದೆ.

ಬಾಟಲಿ ಬಂದರೆ ಪರವಾಗಿಲ್ಲ, ಕೈಯಲ್ಲಿ ತೆಗೆದುಬಿಡಬಹುದು. ಕಷ್ಟ ಕೊಡುವುದು ಮಕ್ಕಳ ಡೈಪರು. ನೀರು ಕುಡಿದು ಉಬ್ಬಿ, ಬಲೆಯ ಕಣ್ಣಿಗೆ ಅಂಟಿಕೊಂಡು, ಎಳೆದರೆ ಹರಿದು ಒಳಗಿನ ಲೋಳೆ ಮೀನಿನ ಮೇಲೆಲ್ಲ ಚೆಲ್ಲುತ್ತದೆ. ಆ ಮೀನನ್ನು ಬುಟ್ಟಿಯಲ್ಲಿ ಹೊತ್ತು ಮಾರುವವಳು ನಮ್ಮಮ್ಮ. ಗಿರಾಕಿ ಮುಖ ಸಿಂಡರಿಸುವುದು ಅವಳ ಎದುರಿಗೆ ಅಲ್ವಾ? ಅಳಿವೆಯ ಕೆಸರಲ್ಲಿ ಚಿಪ್ಪುಮೀನು ಹೆಕ್ಕುವ ಹೆಂಗಸರ ಪಾಡು ಇನ್ನೂ ಕಷ್ಟ. ಒಡೆದ ಬಾಟಲಿ ಚೂರು ಕಾಲಿಗೆ ಚುಚ್ಚುತ್ತದೆ. ಚಿಪ್ಪುಮೀನು ನೀರನ್ನು ಸೋಸಿಯೇ ಬದುಕುವ ಜೀವ, ಹೊಳೆಯಲ್ಲಿ ಏನಿದೆಯೋ ಅದೇ ಅದರ ಹೊಟ್ಟೆಗೂ ಹೋಗುತ್ತದೆ.

ಮೊದಲೆಲ್ಲ ಬಲೆಗೆ ಬಂದ ಕಸವನ್ನು ಅಲ್ಲೇ ವಾಪಸ್ ಕಡಲಿಗೆ ಎಸೆಯುವುದು ರೂಢಿ. ನಾನು ದೋಣಿಯ ಹಿಂದಿನ ತುದಿಗೆ ಎರಡು ಖಾಲಿ ಅಕ್ಕಿ ಚೀಲ ಕಟ್ಟಿದಾಗ ಹಿರಿಯರೊಬ್ಬರು ಕೇಳಿದ್ದು, "ಮೀನ್ ಹಿಡೂಕ್ ಹೋಪ್ದಾ, ಕಸ ಹೆಕ್ಕೂಕ್ ಹೋಪ್ದಾ?" ಎಂದು. ಪರಿಸರದ ಮಾತು ಅವರ ಹತ್ತಿರ ನಡೆಯುವುದಿಲ್ಲ. ಇವತ್ತು ಎಸೆದದ್ದು ನಾಳೆ ನಮ್ಮದೇ ಬಲೆಗೆ ಬರುತ್ತದೆ, ಬಿಡಿಸುವ ಕೆಲಸ ಎರಡು ಸಲ ಯಾಕೆ ಎಂದೆ. ಅದು ಒಪ್ಪಿಗೆಯಾಯಿತು.

ಚೀಲ ತುಂಬಿಸುವುದು ಸುಲಭ, ದಡಕ್ಕೆ ತಂದ ಮೇಲೆ ತಲೆನೋವು. ಉಪ್ಪು, ಮರಳು ಮೆತ್ತಿದ ಪ್ಲಾಸ್ಟಿಕನ್ನು ಗುಜರಿಯವರು ಮುಟ್ಟುವುದಿಲ್ಲ. ಹಾಗಾಗಿ ಬಾಟಲಿ ಮತ್ತು ಹಗ್ಗದ ತುಂಡುಗಳನ್ನು ಸಿಹಿನೀರಿನಲ್ಲಿ ಜಾಲಿಸಿ, ಬಿಸಿಲು ಬಿದ್ದ ದಿನ ಒಣಗಿಸಿ ಕೊಡುತ್ತೇವೆ. ಚಿಪ್ಸ್, ಗುಟ್ಕಾ ಪ್ಯಾಕೆಟ್ಟುಗಳಿಗೆ ಬೆಲೆಯಿಲ್ಲ, ಅವು ಪಂಚಾಯಿತಿಯ ಒಣಕಸದ ಗಾಡಿಗೆ.

ಹರಿದ ಬಲೆಯನ್ನು ಮಾತ್ರ ಬೇರೆಯೇ ಇಡುತ್ತೇವೆ. ದೊಡ್ಡ ಬೋಟುಗಳು ಎಳೆದೊಯ್ಯುವ ಟ್ರಾಲ್ ಬಲೆಯ ಪ್ಲಾಸ್ಟಿಕ್ ನೀರಿಗಿಂತ ಹಗುರ, ತುಂಡಾದರೆ ತೇಲುತ್ತದೆ. ತೆಳು ಎಳೆಯ ತಂಗೂಸಿ ಬಲೆ ನೈಲಾನಿನದು, ಅದು ಮುಳುಗುತ್ತದೆ. ತಳದಲ್ಲಿ ಕೂತು ಯಾರೂ ಎತ್ತದ ಏಡಿ, ಮೀನುಗಳನ್ನು ಹಿಡಿಯುತ್ತಲೇ ಇರುತ್ತದೆ. ತೇಲುವ ಬಲೆಗೆ ಕಡಲಾಮೆ ಸಿಗುತ್ತದೆ. ಆಮೆ ಉಸಿರಿಗೆ ಮೇಲೆ ಬರಲೇಬೇಕು, ಮೇಲೆ ಬರಲಾಗದಿದ್ದರೆ ಉಸಿರುಕಟ್ಟಿ ಸಾಯುತ್ತದೆ. ಅಂಥ ಒಂದು ಆಮೆ ನಮಗೆ ಸಿಕ್ಕಿತ್ತು. ಮುಂಗಾಲಿಗೆ ಹಸಿರು ದಾರ ಬಿಗಿದು ಚರ್ಮದೊಳಕ್ಕೇ ಇಳಿದಿತ್ತು. ಎಳೆಯಬಾರದು, ಎಳೆದರೆ ಗಾಯ ದೊಡ್ಡದಾಗುತ್ತದೆ. ಸುತ್ತಲಿನ ಬಲೆಯನ್ನಷ್ಟೇ ಕತ್ತರಿಸಿ, ಬೆನ್ನಿಗೆ ಒದ್ದೆ ಗೋಣಿ ಹೊದಿಸಿ, ನೆರಳಲ್ಲಿಟ್ಟು ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿದೆವು. ಗಾಯಗೊಂಡ ಆಮೆಯನ್ನು ಪಾಪ ಎಂದು ವಾಪಸ್ ನೀರಿಗೆ ಬಿಟ್ಟರೆ ಅದು ಉಳಿಯುವುದು ಕಷ್ಟ.

ಕಸ ವಿಂಗಡಿಸುವ ಕೆಲಸ ಸುಮ್ನೆ ಹೆಂಗಸರ ತಲೆಗೆ ಬಿತ್ತು. ಯಾರೂ ಹೇಳಿದ್ದಲ್ಲ, ಬಲೆ ಬಿಡಿಸುವಲ್ಲಿ ಅವರೂ ಇರುತ್ತಾರಲ್ಲ, ಹಾಗೆ. ಮೀನಿನ ದುಡ್ಡಿನಲ್ಲಿ ದೋಣಿಗೆ, ಬಲೆಗೆ, ಆಳಿಗೆ ಪಾಲು ಇರುವಾಗ ಇದಕ್ಕೆ ಯಾಕಿಲ್ಲ ಎಂದು ಅಮ್ಮನೇ ಕೇಳಿದಳು. ಈಗ ಗುಜರಿ ದುಡ್ಡು ಪೂರ್ತಿ ವಿಂಗಡಿಸಿದವರಿಗೆ. ಜಾಸ್ತಿಯೇನಲ್ಲ, ಚಹಾ ತಿಂಡಿಗಾಗುತ್ತದೆ. ಕೈಗವಸು ಮಾತ್ರ ದೋಣಿಯ ಖರ್ಚಿನಲ್ಲಿ ಎಂದು ಅವಳೇ ತೀರ್ಮಾನಿಸಿಯೂ ಬಿಟ್ಟಳು.

ಡೈಪರನ್ನು ಗುಜರಿಯವರೂ ಒಲ್ಲರು, ಕಸದ ಗಾಡಿಯವರೂ ಒಲ್ಲರು. ಗ್ರಾಮಸಭೆಯಲ್ಲಿ ಈ ಸಲ ಅದನ್ನೇ ಕೇಳುವುದೆಂದು ಇಟ್ಟುಕೊಂಡಿದ್ದೇವೆ.