ಬೆಲ್ಟ್ ಹಾಕಿದರೂ ಸೀಟ್ ಬೆಲ್ಟ್ ಲೈಟ್ ಆರುತ್ತಿಲ್ಲವೇ?

ಗ್ಯಾರೇಜಿಗೆ ಹೋಗುವ ಮೊದಲು ಪಕ್ಕದ ಸೀಟು ನೋಡಿ. ಅಲ್ಲಿ ತರಕಾರಿ ಚೀಲ, ಲ್ಯಾಪ್‌ಟಾಪ್ ಬ್ಯಾಗ್ ಇದ್ದರೆ ಸೀಟಿನೊಳಗಿನ ಸೆನ್ಸರ್ ಯಾರೋ ಕೂತಿದ್ದಾರೆ ಅಂದುಕೊಳ್ಳುತ್ತದೆ. ಚೀಲ ಕೆಳಗಿಡಿ, ಲೈಟ್ ಆರುತ್ತದೆ.

ಸೀಟು ಖಾಲಿ ಇದ್ದರೂ ಉರಿಯುತ್ತಿದೆಯಾ? ಹಾಗಾದರೆ ಬಕಲ್ ಮೇಲೆ ಅನುಮಾನ ಪಡಿ. ಬೆಲ್ಟ್ ಸಿಕ್ಕಿಸಿದಾಗ ಅದರೊಳಗಿನ ಸಣ್ಣ ಸ್ವಿಚ್ ಕೆಲಸ ಮಾಡಬೇಕು. ಬಿಸ್ಕತ್ ಪುಡಿ, ಧೂಳು, ಚಿಲ್ಲರೆ ಕಾಸು ಸೇರಿಕೊಂಡರೆ ಅದು ಕೈಕೊಡುತ್ತದೆ, ಮಕ್ಕಳಿರುವ ಮನೆಯ ಕಾರಲ್ಲಂತೂ ಜಾಸ್ತಿ. ಟಾರ್ಚ್ ಹಾಕಿ ನೋಡಿ, ವ್ಯಾಕ್ಯೂಮ್‌ನಿಂದ ಎಳೆಯಿರಿ. ನಾಲ್ಕೈದು ಸಲ ಸಿಕ್ಕಿಸಿ ಬಿಚ್ಚಿ. ಎಣ್ಣೆ ಮಾತ್ರ ಹಾಕಬೇಡಿ, ಧೂಳು ಇನ್ನಷ್ಟು ಅಂಟುತ್ತದೆ.

ಕಾರು ತೊಳೆಸಿದ ಮೇಲೆ ಶುರುವಾಗಿದ್ದರೆ ಸೀಟಿನಡಿಯ ವೈರ್ ಕನೆಕ್ಟರ್ ಸಡಿಲವಾಗಿರಬಹುದು. ಹಳದಿ ಕನೆಕ್ಟರ್ ಸಾಮಾನ್ಯವಾಗಿ ಏರ್‌ಬ್ಯಾಗ್‌ನದ್ದು, ದಯವಿಟ್ಟು ಮುಟ್ಟಬೇಡಿ. ಏರ್‌ಬ್ಯಾಗ್ ಲೈಟೂ ಜೊತೆಗೆ ಉರಿದರೆ ನೇರ ಸರ್ವಿಸ್ ಸೆಂಟರ್‌ಗೆ ಹೋಗಿ.

ಬೆಲ್ಟ್ ಹಾಕದೆಯೇ ಎಚ್ಚರಿಕೆಯ ಸದ್ದು ನಿಲ್ಲಿಸಲು ಬಕಲ್‌ಗೆ ನಕಲಿ ಕ್ಲಿಪ್ ಸಿಕ್ಕಿಸುವವರಿದ್ದಾರೆ. ಖಂಡಿತ ಬೇಡ. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೇ ಇವುಗಳನ್ನು ಆನ್‌ಲೈನ್ ಮಾರಾಟದಿಂದ ತೆಗೆಯಲು ಆದೇಶಿಸಿತು. ಅಪಘಾತದಲ್ಲಿ ಬೆಲ್ಟ್ ಇಲ್ಲದೆ ಮುಂದಕ್ಕೆ ಮುಗ್ಗರಿಸಿದ ಮೈಗೆ ರಭಸದಿಂದ ಬಿಚ್ಚಿಕೊಳ್ಳುವ ಏರ್‌ಬ್ಯಾಗೇ ಪೆಟ್ಟು ಕೊಡಬಹುದು. ನಿಮ್ಮ ಕಾರಲ್ಲಿ ಅಂಥ ಕ್ಲಿಪ್ ಇದ್ದರೆ ಇವತ್ತೇ ತೆಗೆದು ಬಿಸಾಡಿ.