ಮನೆಯವರ ಜೊತೆ ಜಿಂಕೆ ಬೇಟೆ: ನಾವು ಮಾಡುವ ರೀತಿ

ಮೊದಲೇ ಹೇಳಿಬಿಡುತ್ತೇನೆ, ಇದು ಭಾರತದ ಮಾತಲ್ಲ. ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಹೊಡೆಯುವುದು ಅಪರಾಧ. ನಾವು ಬೇಟೆಗೆ ಹೋಗುವುದು ಉತ್ತರ ಅಮೆರಿಕದಲ್ಲಿ, ಸರ್ಕಾರವೇ ಲೈಸೆನ್ಸ್ ಕೊಟ್ಟು ಇಷ್ಟು ದಿನ, ಇಷ್ಟೇ ಜಿಂಕೆ ಎಂದು ಗೊತ್ತುಮಾಡಿದ ಹಂಗಾಮಿನಲ್ಲಿ. ಪ್ರಾಣಿ ಬಿಳಿಬಾಲದ ಜಿಂಕೆ. ಜೊತೆಗೆ ಭಾಮೈದ, ಇಬ್ಬರು ಸ್ನೇಹಿತರು, ಈಚೆಗೆ ಮಗಳೂ ಬರುತ್ತಾಳೆ.

ಒಬ್ಬನೇ ಹೋದರೆ ಜಿಂಕೆಯ ಯೋಚನೆ ಮಾಡಿದರೆ ಸಾಕು. ಗುಂಪಿನಲ್ಲಿ ಹೋದರೆ ಜಿಂಕೆಗಿಂತ ಜಾಸ್ತಿ ನಮ್ಮವರ ಯೋಚನೆ ಮಾಡಬೇಕು. ಹಿಂದಿನ ಸಂಜೆ ನಕ್ಷೆ ಹರಡಿಕೊಂಡು ಕೂರುತ್ತೇವೆ. ಯಾರು ಎಲ್ಲಿ ಕೂರುವುದು, ಯಾರ ಕೋವಿ ಯಾವ ದಿಕ್ಕಿಗೆ ತಿರುಗಬಾರದು, ಎಷ್ಟು ಹೊತ್ತಿನವರೆಗೆ ಯಾರೂ ಜಾಗ ಬಿಟ್ಟು ಏಳಬಾರದು, ಎಲ್ಲ ಅಲ್ಲೇ ತೀರ್ಮಾನ. ದಿಬ್ಬದ ನೆತ್ತಿಯ ಮೇಲೆ ನಿಂತ ಜಿಂಕೆಗೆ ಗುಂಡು ಹಾರಿಸುವಂತಿಲ್ಲ. ಕೊಂಬು ಎಷ್ಟೇ ದೊಡ್ಡದಿರಲಿ, ಹಿಂದೆ ಬರೀ ಆಕಾಶವಿದ್ದರೆ ಗುಂಡು ತಡೆಯಲು ಏನಿದೆ? ರೈಫಲ್ ಗುಂಡು ಮೈಲಿಗಟ್ಟಲೆ ಹೋಗುತ್ತದೆ.

ಹಳು ಸೋವಿ, ಅಂದರೆ ಪೊದೆಯೊಳಗೆ ಸದ್ದು ಮಾಡುತ್ತಾ ನುಗ್ಗಿ, ಜಿಂಕೆ ಎಬ್ಬಿಸುವುದನ್ನು ನಾವು ಬಿಟ್ಟೇಬಿಟ್ಟಿದ್ದೇವೆ. ಒಂದಷ್ಟು ಜನ ಪೊದೆಯೊಳಗಿಂದ ಬರುತ್ತಿರುತ್ತಾರೆ, ಉಳಿದವರು ಆಚೆ ಕಡೆ ಕೋವಿ ಹಿಡಿದು ಕಾಯುತ್ತಾ ನಿಂತಿರುತ್ತಾರೆ, ನಡುವೆ ಜಿಂಕೆ ಓಡುತ್ತಿರುತ್ತದೆ. ಮಜಾ ಅದರಲ್ಲೇ ಜಾಸ್ತಿ ಅನ್ನುವವರಿದ್ದಾರೆ. ಇರಲಿ. ಮಗಳು ಪೊದೆಯೊಳಗಿರುವಾಗ ಅಂಥ ಮಜಾ ನನಗೆ ಬೇಡ.

ಎಲ್ಲರೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್ ಹಾಕುತ್ತೇವೆ. ಜಿಂಕೆಗೆ ಕಾಣುವುದಿಲ್ಲವೇ ಎಂದು ಹೊಸಬರು ಕೇಳುತ್ತಾರೆ. ಜಿಂಕೆಯ ಕಣ್ಣಿಗೆ ಕೆಂಪು, ಕಿತ್ತಳೆ ಸರಿಯಾಗಿ ಗೊತ್ತಾಗುವುದಿಲ್ಲ, ನೀಲಿ ಚೆನ್ನಾಗಿ ಕಾಣುತ್ತದೆ. ಹಾಗಾಗಿ ನನ್ನ ತಕರಾರೇನಿದ್ದರೂ ನೀಲಿ ಜೀನ್ಸ್ ಬಗ್ಗೆ. ಅದಕ್ಕಿಂತ ಮುಖ್ಯ ಕೈಕಾಲು ಆಡಿಸದೆ ಕೂರುವುದು.

ಇನ್ನು ಮೂಗು. ಗಾಳಿ ನಮ್ಮ ಕಡೆಯಿಂದ ಜಿಂಕೆ ಬರುವ ದಾರಿಗೆ ಬೀಸುತ್ತಿದ್ದರೆ ಆ ಜಾಗ ಎಷ್ಟೇ ಚೆನ್ನಾಗಿದ್ದರೂ ಅವತ್ತು ಬಿಡಬೇಕು. ಗುಡ್ಡದ ಜಾಗದಲ್ಲಿ ಇನ್ನೂ ಒಂದು ಲೆಕ್ಕ ಇದೆ. ಬಿಸಿಲು ಬಿದ್ದು ನೆಲ ಕಾದಂತೆ ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಏರುತ್ತದೆ, ಸಂಜೆ ತಣ್ಣಗಾದಾಗ ಕೆಳಕ್ಕೆ ಇಳಿಯುತ್ತದೆ. ಅದಕ್ಕೇ ಬಿಸಿಲೇರುವ ಹೊತ್ತಿಗೆ ದಾರಿಗಿಂತ ಮೇಲೆ, ಸಂಜೆ ದಾರಿಗಿಂತ ಕೆಳಗೆ ಕೂರುತ್ತೇವೆ. ವಾಸನೆ ಸಿಕ್ಕಿದ ಹೆಣ್ಣು ಜಿಂಕೆ ಮುಂಗಾಲು ನೆಲಕ್ಕೆ ಕುಟ್ಟಿ, ಮೂಗಿನಿಂದ ಜೋರಾಗಿ ಬುಸ್ ಎಂದು ಊದಿ, ಬಿಳಿ ಬಾಲ ಎತ್ತಿಕೊಂಡು ಓಡಿತೆಂದರೆ ಸುತ್ತಲಿನ ಜಿಂಕೆಗಳಿಗೆಲ್ಲ ಸುದ್ದಿ ಮುಟ್ಟಿದ ಹಾಗೆ.

ಮರದ ಮೇಲಿನ ಅಟ್ಟಣಿಗೆಯಾದರೆ ಎದೆ, ಸೊಂಟ, ತೊಡೆಗೆ ಬಿಗಿಯುವ ಸುರಕ್ಷತಾ ಪಟ್ಟಿ, ಹಗ್ಗ ಕಟ್ಟದೆ ಯಾರೂ ಹತ್ತುವ ಹಾಗಿಲ್ಲ. ಕೋವಿಯನ್ನು ತೋಟಾ ತೆಗೆದು, ಆಮೇಲೆ ಹಗ್ಗದಿಂದ ಎಳೆದುಕೊಳ್ಳುತ್ತೇವೆ.

ಗುಂಡು ಹಾರಿದ ಮೇಲೆ ಎಲ್ಲರಿಗೂ ಅವಸರ. ಜಿಂಕೆ ಅಡ್ಡ ನಿಂತಿರುವಾಗ, ಮುಂಗಾಲಿನ ಹಿಂದೆ, ಎದೆಗೆ ಬಿದ್ದರೆ ಅದು ಬಹಳ ದೂರ ಹೋಗುವುದಿಲ್ಲ. ಆದರೂ ಅರ್ಧ ಗಂಟೆ ಕೂತಲ್ಲೇ ಕೂರಬೇಕು. ಒಂದು ಸಂಜೆ ಭಾಮೈದ ಹೊಡೆದ ಜಿಂಕೆ ಪೊದೆಗೆ ನುಗ್ಗಿತು. ಅದು ನಿಂತಿದ್ದ ಜಾಗಕ್ಕೆ ಮಗಳನ್ನು ಕರೆದುಕೊಂಡು ಹೋದೆ. ಒಣ ಎಲೆಯ ಮೇಲೆ ನಾಲ್ಕಾರು ಕೂದಲು, ಅಲ್ಲಲ್ಲಿ ರಕ್ತ. ಒಂದು ಎಲೆ ಎತ್ತಿ ಅವಳ ಮೂಗಿನ ಹತ್ತಿರ ಹಿಡಿದೆ.

"ಥೂ, ಏನಪ್ಪಾ ಇದು ವಾಸನೆ!"

"ಹೊಟ್ಟೆಗೆ ಬಿದ್ದಿದೆ. ಇವತ್ತು ಹುಡುಕೋದು ಬೇಡ."

ತಿಳಿಗೆಂಪು ರಕ್ತದಲ್ಲಿ ನೊರೆ ಇದ್ದರೆ ಶ್ವಾಸಕೋಶ. ಕಡುಗೆಂಪಾಗಿದ್ದರೆ ಲಿವರ್ ಇರಬಹುದು, ಕೆಲವು ಗಂಟೆ ಕಾಯಬೇಕು. ಹಸಿರು ಬೆರೆತು ನಾತ ಬಂದರೆ ಹೊಟ್ಟೆ. ಆಗ ಬೆನ್ನು ಹತ್ತಿದರೆ ಜಿಂಕೆ ಮಲಗಿದ ಜಾಗದಿಂದ ಎದ್ದು ಇನ್ನೂ ದೂರ ಹೋಗುತ್ತದೆ. ಭಾಮೈದನಿಗೆ ರಾತ್ರಿಯಿಡೀ ನಿದ್ದೆ ಇಲ್ಲ. ಬೆಳಿಗ್ಗೆ ಮಗಳೇ ಮುಂದೆ ನಿಂತು, ರಕ್ತ ಕಂಡಲ್ಲೆಲ್ಲ ಕೊಂಬೆಗೆ ಟಿಶ್ಯೂ ಸಿಕ್ಕಿಸುತ್ತಾ ಹೋದಳು. ಹಿಂತಿರುಗಿ ನೋಡಿದರೆ ಆ ಬಿಳಿ ಚೂರುಗಳ ಸಾಲು ಜಿಂಕೆ ಯಾವ ಕಡೆ ತಿರುಗಿದೆ ಎಂದು ತೋರಿಸುತ್ತಿತ್ತು. ತೊರೆಯ ಪಕ್ಕದಲ್ಲಿ ಸಿಕ್ಕಿತು. ರಾತ್ರಿ ಮಂಜುಗಡ್ಡೆ ಕಟ್ಟುವಷ್ಟು ಚಳಿ ಇದ್ದಿದ್ದರಿಂದ ಮಾಂಸ ಉಳಿಯಿತು. ಬೆಚ್ಚಗಿದ್ದಿದ್ದರೆ ಉಳಿಯುತ್ತಿರಲಿಲ್ಲ.

ಸತ್ತ ಜಿಂಕೆಯ ಕರುಳು ಆದಷ್ಟು ಬೇಗ ತೆಗೆಯಬೇಕು. ಚಾಕುವಿನ ಅಲಗು ಮೇಲ್ಮುಖವಾಗಿರಲಿ, ಎರಡು ಬೆರಳು ಕೆಳಗೆ ಕೊಟ್ಟು ಚರ್ಮವನ್ನಷ್ಟೇ ಸೀಳಿ, ಹೊಟ್ಟೆ ಮತ್ತು ಮೂತ್ರಕೋಶ ಒಡೆಯಬಾರದು. ಆಮೇಲೆ ಪಕ್ಕೆ ಅಗಲಿಸಿ ಗಾಳಿ ಆಡಲು ಬಿಡಿ. ಮಾಂಸ ಕೆಡಿಸುವುದು ಒಳಗಿನ ಬಿಸಿ.

ನಮ್ಮಲ್ಲಿ ಹೊಡೆದವನಿಗೆ ಜಾಸ್ತಿ ಪಾಲಿಲ್ಲ. ಹುಡುಕಿದವರು, ಎಳೆದವರು, ಕೊಯ್ದವರು ಎಲ್ಲರಿಗೂ ಸಮ. ಮೂಳೆ ಬಿಡಿಸಿಯೇ ಹಂಚುತ್ತೇವೆ. ಮಿದುಳು, ಬೆನ್ನುಹುರಿ ಮುಟ್ಟುವುದಿಲ್ಲ. ಮಿದುಳನ್ನು ಹಾಳುಮಾಡಿ ಕೊಲ್ಲುವ ಕ್ರಾನಿಕ್ ವೇಸ್ಟಿಂಗ್ ಎಂಬ ಕಾಯಿಲೆ ಜಿಂಕೆಗಳಲ್ಲಿದೆ. 1967ರಲ್ಲಿ ಕೊಲೊರಾಡೊದಲ್ಲಿ ಮೊದಲು ಕಂಡುಬಂದದ್ದು. ಬೇಯಿಸಿದರೂ ಅದನ್ನು ತರುವ ಅಂಶ ನಾಶವಾಗುವುದಿಲ್ಲ. ಮನುಷ್ಯರಿಗೆ ಬಂದದ್ದು ಸಾಬೀತಾಗಿಲ್ಲ, ಆದರೂ ಕಾಯಿಲೆ ಇರುವ ಪ್ರದೇಶದ ಜಿಂಕೆಯಾದರೆ ಕುತ್ತಿಗೆಯ ಗ್ರಂಥಿ ಪರೀಕ್ಷೆಗೆ ಕಳಿಸಿ, ಫಲಿತಾಂಶ ಬರುವವರೆಗೆ ಪೊಟ್ಟಣಗಳನ್ನು ಫ್ರೀಜರಿನಲ್ಲಿ ಇಟ್ಟಿರುತ್ತೇವೆ. ಪೊಟ್ಟಣದ ಮೇಲೆ ಯಾವ ಜಿಂಕೆ, ಯಾವ ತಾರೀಖು ಎಂದು ಬರೆಯುವ ಕೆಲಸ ಮಗಳದು. ಈಗ ತಾಮ್ರದ ಗುಂಡು ಮಾತ್ರ ಕೊಳ್ಳುತ್ತೇವೆ, ಸೀಸದ ಗುಂಡು ಒಳಗೆ ಚೂರುಚೂರಾಗಿ ಕೊಚ್ಚಿದ ಮಾಂಸದಲ್ಲಿ ಸೇರಿಕೊಳ್ಳುತ್ತದೆ ಎಂದು. ದುಬಾರಿ ಎಂದು ಭಾಮೈದ ಇನ್ನೂ ಗೊಣಗುತ್ತಾನೆ.