ತೆಪ್ಪ ನೀರಿಗಿಳಿಸುವ ಮುನ್ನ

ಮಾರಿಕಣಿವೆ ಜಲಾಶಯದಲ್ಲಾಗಲಿ ಸೂಳೆಕೆರೆಯಲ್ಲಾಗಲಿ ಮೀನಿಗೆ ಬಲೆ ಬಿಡುವವರಿಗೆ ಈಜು ಬಾರದೆಂದೇನಿಲ್ಲ. ಆದರೆ ಕಾಲಿಗೆ ತಂಗೂಸಿ (ಬಲೆಯ ನೈಲಾನ್ ಎಳೆ) ಸುತ್ತಿಕೊಂಡರೆ ಎಂಥ ಈಜೂ ಕೆಲಸಕ್ಕೆ ಬರುವುದಿಲ್ಲ. ಜೀವ ಉಳಿಸುವ ತಯಾರಿ ದಡದಲ್ಲೇ ಆಗಬೇಕು.

ಮೊದಲು ತೆಪ್ಪ. ಬಿದಿರಿನದು ನೀರು ತುಂಬಿದರೂ ತೇಲುತ್ತದೆ. ಬರೀ ಫೈಬರಿನದು ನೀರು ತುಂಬಿದರೆ ತಳ ಸೇರುತ್ತದೆ. ಹತ್ತು ಲೀಟರಿನ ನಾಲ್ಕು ಖಾಲಿ ಕ್ಯಾನುಗಳ ಮುಚ್ಚಳ ಬಿಗಿದು, ಅಂಚಿನ ಒಳಸುತ್ತಿಗೆ ಎದುರುಬದುರಾಗಿ ಹಗ್ಗದಿಂದ ಕಟ್ಟಿ. ನಾಲ್ಕೂ ಸೇರಿ ಸುಮಾರು 40 ಕೆಜಿ ಭಾರವನ್ನು ತೇಲಿಸುತ್ತವೆ. ಸೊಂಟದುದ್ದದ ನೀರಿನಲ್ಲಿ ತೆಪ್ಪಕ್ಕೆ ಬೇಕೆಂದೇ ನೀರು ತುಂಬಿಸಿ, ತೇಲುವುದೇ ಎಂದು ನೋಡಿಕೊಳ್ಳಿ. ಜನ, ಬಲೆ ಎಲ್ಲ ಹತ್ತಿದ ಮೇಲೂ ಅಂಚು ನೀರಿನಿಂದ ಒಂದು ಗೇಣು ಮೇಲಿರಬೇಕು. ಹೊರಡುವಾಗಲೇ ಅಷ್ಟಿಲ್ಲದಿದ್ದರೆ, ಒದ್ದೆ ಬಲೆ, ಮೀನು ಹೇರಿಕೊಂಡು ಬರುವಾಗ ಇನ್ನೆಲ್ಲಿಂದ ಬಂದೀತು?

ಲೈಫ್ ಜಾಕೆಟ್ಟನ್ನು ಮಣೆಯಾಗಿ ಹಾಕಿಕೊಂಡು ಕೂರುವುದು ಎಲ್ಲ ಕಡೆ ಇರುವ ಚಾಳಿ. ಕೂತು ಕೂತು ಒಳಗಿನ ಫೋಮ್ ಚಪ್ಪಟೆಯಾಗುತ್ತದೆ, ತೇಲಿಸುವ ಶಕ್ತಿ ಹೋಗುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡಿ: ಗುಳಿ ಹಾಗೇ ಉಳಿದರೆ ಆ ಜಾಕೆಟ್ ಬೇಡ. ತೊಟ್ಟು ಪಟ್ಟಿ ಬಿಗಿದ ಮೇಲೆ ಜೊತೆಗಾರ ಭುಜದ ಬಳಿ ಹಿಡಿದು ಮೇಲಕ್ಕೆತ್ತಲಿ. ಗಲ್ಲ ದಾಟಿ ಬಂದರೆ ಸಡಿಲವಾಗಿದೆ ಎಂದರ್ಥ.

ಹೆಚ್ಚು ಅಪಾಯ ಇರುವುದು ಬಲೆಯಲ್ಲೇ. ಒಣ ಬಲೆಯನ್ನು ಒಂದು ಬುಟ್ಟಿಯಲ್ಲಿ ಮಡಿಸಿಟ್ಟು ಅಲ್ಲಿಂದಲೇ ಬಿಡಿ. ಕಾಲ ಸುತ್ತ ಹರಡಬೇಡಿ. ಉಂಗುರ, ಕೈಗಡಿಯಾರ, ಗುಂಡಿಯ ಅಂಗಿ ದಡದಲ್ಲಿರಲಿ, ಬಲೆಯ ಕಣ್ಣು ಇವಕ್ಕೇ ಸಿಕ್ಕಿಕೊಳ್ಳುವುದು. ಮೊಂಡು ತುದಿಯ, ಹಲ್ಲಿರುವ ಚಾಕುವನ್ನು ದಾರ ಕಟ್ಟಿ ಎದೆಯ ಮೇಲೆ ಇಟ್ಟುಕೊಳ್ಳಿ. ಸೊಂಟದಲ್ಲಿದ್ದರೆ ಕೈ ತಲುಪದೆ ಹೋಗಬಹುದು. ಸಿಕ್ಕಿಕೊಂಡರೆ ಕಾಲು ಬಡಿಯಬೇಡಿ, ಬಡಿದಷ್ಟೂ ಇನ್ನಷ್ಟು ಬಲೆ ಸುತ್ತುತ್ತದೆ. ಮಂಡಿ ಮಡಚಿ ಎದೆಯತ್ತ ತಂದು, ಒಂದೊಂದೇ ಎಳೆ ಕೊಯ್ಯಿರಿ.

2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಿದ್ದು 1933ರ ನಂತರ ಮೊದಲ ಬಾರಿ. ಅಷ್ಟು ವರ್ಷ ಒಣಗಿದ್ದ ನೆಲಕ್ಕೆ ನೀರು ಹತ್ತಿದರೆ ಜಾಲಿ ಬೊಡ್ಡೆ, ಬೇಲಿ ತಂತಿ ಎಲ್ಲ ಅಡಿಯಲ್ಲೇ ಇರುತ್ತವೆ. ಹಿನ್ನೀರಿನಲ್ಲಿ ಬಲೆ ಎಲ್ಲಾದರೂ ಸಿಕ್ಕಿಕೊಂಡರೆ ಹಗ್ಗವನ್ನು ಕೈಗೆ ಸುತ್ತಿಕೊಂಡು ಜಗ್ಗಬೇಡಿ, ಇಬ್ಬರೂ ಒಂದೇ ಅಂಚಿಗೆ ಬಾಗಲೂಬೇಡಿ. ಬಿಡಿಸಲೆಂದು ಮುಳುಗುವುದಂತೂ ಬೇಡವೇ ಬೇಡ. ಬರದಿದ್ದರೆ ಕೊಯ್ದು ಬಿಡಿ. ಬಲೆಯ ಬೆಲೆ ಹೊಟ್ಟೆ ಉರಿಸುತ್ತದೆ, ನಿಜ.

ಮುಂಗಾರಿನ ಗಾಳಿಯ ವಿಷಯ ಚಿತ್ರದುರ್ಗದವರಿಗೆ ಹೇಳಬೇಕಾಗಿಲ್ಲ, ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವುದು ಕಾಣುತ್ತದೆ. ನೀರಿನ ಮೇಲೆ ಬಿಳಿ ನೊರೆ ಏಳುತ್ತಿದ್ದರೆ ತೆಪ್ಪ ಇಳಿಸಬೇಡಿ. ಹೂಳು ತುಂಬಿ ಆಳ ಕಡಿಮೆಯಾದ ಕೆರೆಯಲ್ಲಿ ಅಲೆಗಳು ಚಿಕ್ಕವಾದರೂ ಒತ್ತೊತ್ತಾಗಿ, ಕಡಿದಾಗಿ ಬರುತ್ತವೆ. ಏಪ್ರಿಲ್, ಮೇ ಸಂಜೆಗಳಲ್ಲಿ ಸಿಡಿಲಿನ ಕಾಟ. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ; ತಕ್ಷಣ ದಡಕ್ಕೆ ಬನ್ನಿ, ಒಂಟಿ ಮರದಡಿ ನಿಲ್ಲಬೇಡಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ‘ದಾಮಿನಿ’ ಆ್ಯಪ್ ಮೊಬೈಲಿನಲ್ಲಿರಲಿ.

ಮುಳುಗಿದವರನ್ನು ಮೇಲೆತ್ತಿದಾಗ ತಲೆಕೆಳಗು ಮಾಡುವುದು, ಹೊಟ್ಟೆ ಅಮುಕುವುದು, ಉಪ್ಪಿನಲ್ಲಿ ಹೂಳುವುದು ಎಲ್ಲ ಸಮಯ ಹಾಳು. ಒಬ್ಬರು 108ಕ್ಕೆ ಕರೆ ಮಾಡಲಿ. ಉಸಿರಿಲ್ಲದಿದ್ದರೆ ಮೂಗು ಮುಚ್ಚಿ ಬಾಯಿಗೆ ಐದು ಬಾರಿ ಉಸಿರು ಊದಿ, ನಂತರ ಎದೆಯ ನಡುವೆ ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, ಎರಡು ಸಲ ಊದಿ. ಆಂಬುಲೆನ್ಸ್ ಬರುವವರೆಗೂ ಇದೇ. ಎದ್ದು ಕೂತರೂ ಆಸ್ಪತ್ರೆಗೆ ಒಯ್ಯಿರಿ, ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಬಹುದು.

ಮತ್ಸ್ಯ ಸಂಪದ ಯೋಜನೆಯ ಅಪಘಾತ ವಿಮೆ ಕೆರೆ, ಜಲಾಶಯದ ಮೀನುಗಾರರಿಗೂ ಇದೆ: ಸಾವು ಅಥವಾ ಶಾಶ್ವತ ಪೂರ್ಣ ಅಂಗವಿಕಲತೆಗೆ 5 ಲಕ್ಷ, ಭಾಗಶಃ ಆದರೆ 2.5 ಲಕ್ಷ, ಆಸ್ಪತ್ರೆ ಖರ್ಚಿಗೆ 25 ಸಾವಿರ ರೂಪಾಯಿವರೆಗೆ. ಪಟ್ಟಿಯಲ್ಲಿ ಹೆಸರಿದೆಯೇ ಎಂದು ಮೀನುಗಾರರ ಸಹಕಾರ ಸಂಘದಲ್ಲಿ ಈ ವಾರವೇ ಕೇಳಿ.